ಕೂಗು ಎಣಿಸಬೇಡಿ, ಉರಿ ಇಳಿಸಿ

ಕುಕ್ಕರಿನ ಬಗ್ಗೆ ಏನೇ ಸಂಶಯ ಇದ್ದರೂ ಬರೆಯಿರಿ ಅಂತ ಹೋದ ತಿಂಗಳು ಹೇಳಿದ್ದೆ. ತುಂಬಾ ಪತ್ರ ಬಂದಿವೆ. ಹೊಸ ಓದುಗರಿಗೆ ಒಂದು ಮಾತು: ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ನಮ್ಮದು ಪಾತ್ರೆ ಅಂಗಡಿ. ಮದುವೆಯಾಗಿ ಬಂದು 31 ವರ್ಷ ಆಯಿತು. ಅಂದಿನಿಂದ ಗಲ್ಲಾಪೆಟ್ಟಿಗೆ ಪಕ್ಕ ಕೂತು ಕುಕ್ಕರ್ ರಿಪೇರಿ ಮಾಡುತ್ತಿದ್ದೇನೆ. ಮಾವನವರು ಕಲಿಸಿದ ಕೆಲಸ.

ಪ್ರಶ್ನೆ: ಹೊಸದಾಗಿ ಮದುವೆಯಾಗಿದೆ. ಬಾಡಿಗೆ ಮನೆ, ಇಬ್ಬರೇ ಇರುವುದು. ಎಷ್ಟು ಲೀಟರಿನ ಕುಕ್ಕರ್ ತರಲಿ? ಮುಚ್ಚಳ ಒಳಗೆ ಕೂರುವುದು ಒಳ್ಳೆಯದಾ, ಹೊರಗೆ ಕೂರುವುದಾ? ಅಲ್ಯೂಮಿನಿಯಂ ಬೇಡ ಅಂತ ಎಲ್ಲರೂ ಹೇಳ್ತಾರೆ. ಮುಂದೆ ಇಂಡಕ್ಷನ್ ಒಲೆ ತರುವ ಯೋಚನೆ ಇದೆ. – ಓದುಗರು, ಬೆಂಗಳೂರು

ನೋಡಮ್ಮ, ಅನ್ನ ಹೇಗೆ ಮಾಡ್ತೀರಿ ಅನ್ನುವುದರ ಮೇಲೆ ಲೀಟರ್ ಲೆಕ್ಕ ನಿಂತಿದೆ. ಅಕ್ಕಿ, ನೀರು ನೇರವಾಗಿ ಕುಕ್ಕರಿಗೇ ಹಾಕುವುದಾದರೆ ಇಬ್ಬರಿಗೆ 3 ಲೀಟರ್ ಸಾಕು. ಕೆಳಗಿನ ಡಬ್ಬಿಯಲ್ಲಿ ಬೇಳೆ, ಮೇಲಿನದರಲ್ಲಿ ಅನ್ನ ಅಂತ ಇಡುವವರಿಗೆ 5 ಲೀಟರ್ ಬೇಕು. ಮತ್ತೊಂದು ವಿಷಯ, ಡಬ್ಬದ ಮೇಲೆ ಬರೆದ ಲೀಟರ್ ಅಂದರೆ ಕಂಠದವರೆಗಿನ ಅಳತೆ. ನಾವು ತುಂಬಬೇಕಾದದ್ದು ಮೂರರಲ್ಲಿ ಎರಡು ಪಾಲು ಮಾತ್ರ. ಬೇಳೆ, ಕಾಳು ನೊರೆ ಉಕ್ಕುತ್ತವೆ, ಅವಕ್ಕೆ ಅರ್ಧವೇ ಸರಿ.

ಒಳಮುಚ್ಚಳದ್ದರಲ್ಲಿ ಹಬೆ ಒಳಗಿನಿಂದ ಮುಚ್ಚಳವನ್ನು ಬಾಯಿಗೆ ಒತ್ತಿ ಹಿಡಿಯುತ್ತದೆ. ಒತ್ತಡ ಇಳಿಯುವ ತನಕ ನೀವು ತೆಗೆಯುತ್ತೇನೆ ಅಂದರೂ ಬರುವುದಿಲ್ಲ. ಹೊಸದಾಗಿ ಕಲಿಯುವವರಿಗೆ ಅದೇ ಧೈರ್ಯ. ಹೊರಮುಚ್ಚಳದ್ದು ಬಾಯಿ ಅಗಲ, ಡಬ್ಬಿ ಇಡಲು ತೆಗೆಯಲು ಸಲೀಸು, ತೊಳೆಯುವುದೂ ಸುಲಭ.

ಅಲ್ಯೂಮಿನಿಯಂ ಬೇಗ ಕಾಯುತ್ತದೆ, ತಳ ಹಿಡಿಯುವುದು ಕಡಿಮೆ, ಬೆಲೆಯೂ ಕಡಿಮೆ. ಹುಳಿ ಮಾತ್ರ ಅದಕ್ಕೆ ಆಗಿಬರುವುದಿಲ್ಲ. ಬೇಳೆ ಬೇಯಿಸಿಕೊಳ್ಳಿ, ಹುಣಸೆರಸ, ಟೊಮೆಟೊ ಬೇರೆ ಪಾತ್ರೆಯಲ್ಲಿ ಕೂಡಿಸಿ. ರಾತ್ರಿಯಿಡೀ ಸಾರು ಅದರಲ್ಲೇ ಬಿಡಬೇಡಿ. ಸ್ಟೀಲಿಗೆ ಆ ತಾಪತ್ರಯ ಇಲ್ಲ. ಆದರೆ ತಳ ದಪ್ಪ ಇರಬೇಕು, ತೆಳು ತಳದ ಸ್ಟೀಲಿನಲ್ಲಿ ಬೇಳೆ ಸೀಯುತ್ತದೆ. ಇಂಡಕ್ಷನ್ ವಿಷಯಕ್ಕೆ, ಅಂಗಡಿಗೆ ಹೋಗುವಾಗ ಫ್ರಿಜ್ಜಿಗೆ ಅಂಟಿಸುವ ಆಯಸ್ಕಾಂತ ಒಂದು ತೆಗೆದುಕೊಂಡು ಹೋಗಿ. ಕುಕ್ಕರಿನ ತಳಕ್ಕೆ ಗಟ್ಟಿಯಾಗಿ ಅಂಟಿದರೆ ಮಾತ್ರ ಕೊಳ್ಳಿ.

ನಿಮ್ಮ ಜಾಗದಲ್ಲಿ ನಾನಿದ್ದರೆ 3 ಲೀಟರಿನ, ದಪ್ಪ ತಳದ, ಒಳಮುಚ್ಚಳದ ಸ್ಟೀಲ್ ಕುಕ್ಕರ್ ತರುತ್ತಿದ್ದೆ. ಯಾವುದೇ ತನ್ನಿ, ಐಎಸ್‌ಐ ಗುರುತು ಮತ್ತು ಐಎಸ್ 2347 ಅನ್ನುವ ಸಂಖ್ಯೆ ನೋಡಿ. 2021ರ ಫೆಬ್ರುವರಿಯಿಂದ ಈ ಗುರುತಿಲ್ಲದ ಮನೆಬಳಕೆ ಕುಕ್ಕರ್ ಮಾರುವಂತಿಲ್ಲ. ಆದರೂ ಮಾರುವವರು ಇದ್ದಾರೆ. ಕಡಿಮೆಗೆ ಸಿಗುತ್ತೆ ಅಂತ ಸುಮ್ನೆ ತಂದುಬಿಡಬೇಡಿ.

ಪ್ರಶ್ನೆ: ತೊಗರಿಬೇಳೆಗೆ ನಾನು ಏಳೆಂಟು ಸೀಟಿ ಹೊಡೆಸಿದರೂ ಹಲ್ಲಿಗೆ ಸಿಗುತ್ತದೆ. ನನ್ನ ಸೊಸೆ ನಾಲ್ಕೇ ಸೀಟಿಗೆ ಬೆಣ್ಣೆಯಂತೆ ಬೇಯಿಸುತ್ತಾಳೆ. ಕುಕ್ಕರ್ ಅದೇ, ಬೇಳೆ ಅದೇ, ಬೋರಿನ ನೀರೂ ಅದೇ. ಏನು ಕಾರಣ? – ಓದುಗರು, ವಿಜಯಪುರ

ಅಕ್ಕಾ, ನಿಮ್ಮ ಕಡೆ ಸೀಟಿ, ನಮ್ಮ ಕಡೆ ಕೂಗು. ಏನೇ ಕರೆಯಿರಿ, ಅದು ಬೇಳೆ ಬೆಂದ ಲೆಕ್ಕ ಅಲ್ಲ. ಒಳಗೆ ಹಬೆ ಜಾಸ್ತಿ ಆಯಿತು, ಹೊರಗೆ ಬಿಡುತ್ತಿದ್ದೇನೆ ಅಂತ ವೆಯಿಟ್ ಹೇಳುವ ಮಾತು, ಅಷ್ಟೇ.

ತೆರೆದ ಪಾತ್ರೆಯಲ್ಲಿ ನೀರು ಸಮುದ್ರದ ಮಟ್ಟದಲ್ಲಿ 100 ಡಿಗ್ರಿಗೆ ಕುದಿಯುತ್ತದೆ. ಎತ್ತರದ ಊರಿನಲ್ಲಿ ಅಷ್ಟೂ ಬಿಸಿ ಸಿಗುವುದಿಲ್ಲ, ಬೆಂಗಳೂರಿನಲ್ಲಿ ಸುಮಾರು 97. ಕುಕ್ಕರಿನ ಒಳಗೆ ಹಬೆ ಒತ್ತುವುದರಿಂದ ಸುಮಾರು 120 ಡಿಗ್ರಿವರೆಗೆ ಏರುತ್ತದೆ. ಬೇಳೆ ಬೇಗ ಬೇಯುವುದು ಈ ಬಿಸಿಗೆ. ಒಮ್ಮೆ ಅಲ್ಲಿಗೆ ಮುಟ್ಟಿದ ಮೇಲೆ ನೀವು ಉರಿ ಎಷ್ಟು ದೊಡ್ಡದು ಮಾಡಿದರೂ ಬಿಸಿ ಮೇಲೆ ಏರುವುದಿಲ್ಲ. ವೆಯಿಟ್ ಎದ್ದು ಹಬೆ ಹೊರಗೆ ಹೋಗುತ್ತದೆ. ಗ್ಯಾಸೂ ಹೋಯಿತು, ನೀರೂ ಹೋಯಿತು.

ನೀವು ದೊಡ್ಡ ಉರಿಯಲ್ಲಿ ಇಡುತ್ತೀರಿ ಅಂತ ಕಾಣುತ್ತದೆ. ಆಗ ಏಳೆಂಟು ಸೀಟಿ ನಾಲ್ಕೈದು ನಿಮಿಷಕ್ಕೆ ಮುಗಿದುಹೋಗುತ್ತದೆ. ಸೊಸೆ ಉರಿ ಸಣ್ಣಗೆ ಮಾಡುತ್ತಾಳೆ, ಅವಳ ನಾಲ್ಕು ಸೀಟಿ ಬರಲು ಕಾಲು ಗಂಟೆ ಬೇಕು. ಬೇಳೆಗೆ ಸಿಕ್ಕ ಸಮಯ ಅವಳ ಕೈಯಲ್ಲೇ ಜಾಸ್ತಿ, ಅಲ್ವಾ? ನಾಳೆ ಹೀಗೆ ಮಾಡಿ ನೋಡಿ. ಬೇಳೆ ತೊಳೆದು ಅರ್ಧ ಗಂಟೆ ನೆನೆಸಿ. ಒಂದು ಲೋಟ ಬೇಳೆಗೆ ಮೂರು ಲೋಟ ನೀರು, ಚಿಟಿಕೆ ಅರಿಸಿನ, ನಾಲ್ಕು ತೊಟ್ಟು ಎಣ್ಣೆ. ಎಣ್ಣೆ ಹಾಕಿದರೆ ನೊರೆ ಕಡಿಮೆ. ದೊಡ್ಡ ಉರಿಯಲ್ಲಿ ಮೊದಲ ಸೀಟಿ ಬರಲಿ. ತಕ್ಷಣ ಸಿಮ್ ಮಾಡಿ ಗಡಿಯಾರ ನೋಡಿ, ಹತ್ತು ನಿಮಿಷ. ಈ ಹೊತ್ತಿನಲ್ಲಿ ವೆಯಿಟ್ ಸುತ್ತ ಸಣ್ಣಗೆ ಸುಯ್ ಅಂತ ಇರಬೇಕು. ಆ ಸದ್ದು ಕೇಳಿಸಿದರೆ ಒಳಗೆ ಬೇಕಾದ ಬಿಸಿ ಇದೆ ಅಂತ ಅರ್ಥ. ಮತ್ತೆ ಸೀಟಿ ಹೊಡೆಯದಿದ್ದರೂ ಚಿಂತೆ ಇಲ್ಲ. ಆಮೇಲೆ ಒಲೆ ಆರಿಸಿ ಹಾಗೇ ಬಿಡಿ. ಒತ್ತಡ ತಾನಾಗಿ ಇಳಿಯುವ ಹೊತ್ತಿನಲ್ಲೂ ಬೇಳೆ ಬೇಯುತ್ತಿರುತ್ತದೆ.

ಬೋರ್ ನೀರಿನದೂ ಪಾಲಿದೆ. ಗಡಸು ನೀರಿನಲ್ಲಿರುವ ಸುಣ್ಣದ ಅಂಶ ಬೇಳೆಯನ್ನು ಗಟ್ಟಿ ಹಿಡಿಯುತ್ತದೆ. ಸೊಸೆಗೂ ಅದೇ ನೀರಾದ್ದರಿಂದ ನಿಮ್ಮಿಬ್ಬರ ನಡುವಿನ ವ್ಯತ್ಯಾಸ ಅದರಿಂದಲ್ಲ. ಆದರೂ ಬೇಳೆಗೆ ಮಾತ್ರ ಕುಡಿಯುವ ಫಿಲ್ಟರ್ ನೀರು ಹಾಕಿ, ಮೂರು ಲೋಟ ಹೆಚ್ಚು ಖರ್ಚು ಅಷ್ಟೇ. ಬೇಯುವ ಮೊದಲೇ ಹುಣಸೆಹುಳಿ ಹಾಕಬೇಡಿ, ಹುಳಿ ಬಿದ್ದರೆ ಬೇಳೆ ಬಿರುಸಾಗಿಯೇ ಉಳಿಯುತ್ತದೆ. ವರ್ಷಗಟ್ಟಲೆ ಡಬ್ಬದಲ್ಲಿದ್ದ ಹಳೆಯ ಕಾಳಿಗೂ ಸಮಯ ಜಾಸ್ತಿ ಬೇಕು.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಹೆಂಡತಿ ತೀರಿಕೊಂಡ ಮೇಲೆ ಅಡುಗೆ ನಾನೇ ಮಾಡಿಕೊಳ್ಳುತ್ತಿದ್ದೇನೆ. ಕುಕ್ಕರ್ ಸಿಡಿಯುತ್ತದೆ ಅನ್ನುವ ಹೆದರಿಕೆಯಿಂದ ಅವಳ ಕುಕ್ಕರ್ ಮುಟ್ಟಿಲ್ಲ. ಎರಡು ವರ್ಷದಿಂದ ಅದು ಅಟ್ಟದ ಮೇಲಿದೆ. – ಓದುಗರು, ಚಿಕ್ಕಮಗಳೂರು

ಮೇಷ್ಟ್ರೇ, ನಿಮ್ಮ ಪತ್ರ ಎರಡು ಸಲ ಓದಿದೆ. ಈ ಹೆದರಿಕೆ ನನಗೂ ಗೊತ್ತು. ಮದುವೆಯಾದ ಹೊಸದರಲ್ಲಿ ಒಂದು ದಿನ ಹುರುಳಿಕಾಳು ಬೇಯಲು ಇಟ್ಟಿದ್ದೆ. ಮನೆ ತುಂಬ ನೆಂಟರು, ಕುಕ್ಕರ್ ಕುತ್ತಿಗೆಯವರೆಗೆ ತುಂಬಿದ್ದೆ. ಕೂಗು ಬರಲೇ ಇಲ್ಲ. ಹತ್ತಿರ ಹೋಗಲಾ ಬೇಡವಾ ಅಂತ ಬಾಗಿಲಲ್ಲಿ ನಿಂತಿರುವಾಗಲೇ ಪಟ್ ಅಂತ ಸದ್ದು. ಹುರುಳಿಕಟ್ಟು ಚಾವಣಿಗೆ ಹಾರಿತು. ಯಾರಿಗೂ ಏನೂ ಆಗಲಿಲ್ಲ. ಸಂಜೆ ಮಾವನವರು ಮುಚ್ಚಳ ಬೆಳಕಿಗೆ ಹಿಡಿದು ತೋರಿಸಿದರು. ವೆಯಿಟ್ ಕೂರುವ ಕೊಳವೆಯ ತೂತಿನಲ್ಲಿ ಹುರುಳಿಯ ಒಂದೇ ಒಂದು ಸಿಪ್ಪೆ ಸಿಕ್ಕಿಕೊಂಡಿತ್ತು. ಸೇಫ್ಟಿ ವಾಲ್ವಿನ ನಡುವಿನ ತುಂಡು ಕರಗಿ ಹೋಗಿತ್ತು. ‘ಕುಕ್ಕರ್ ಕೆಟ್ಟಿಲ್ಲಮ್ಮ, ತನ್ನ ಕೆಲಸ ಮಾಡಿದೆ’ ಅಂದರು. ಕೊಳವೆ ಕಟ್ಟಿದರೆ, ನೀರು ಬತ್ತಿದರೆ ಮೊದಲು ಹೋಗಲಿ ಅಂತಲೇ ಆ ತುಂಡನ್ನು ಬೇಗ ಕರಗುವ ಲೋಹದಲ್ಲಿ ಮಾಡಿರುತ್ತಾರೆ.

1679ರಲ್ಲಿ ಲಂಡನ್ನಿನಲ್ಲಿ ಮೊದಲ ಕುಕ್ಕರ್ ತೋರಿಸಿದ ಫ್ರೆಂಚ್ ವಿಜ್ಞಾನಿ ಡೆನಿ ಪಪಾಂ ಅವರಿಗೂ ಪಾತ್ರೆ ಸಿಡಿಯುವ ಭಯ ಇತ್ತು. ಸೇಫ್ಟಿ ವಾಲ್ವ್ ಕಂಡುಹಿಡಿದವರೂ ಅವರೇ.

ಅಟ್ಟದಿಂದ ಕೆಳಗೆ ಇಳಿಸಿ. ಎರಡು ವರ್ಷ ಒಣಗಿದ ಗ್ಯಾಸ್ಕೆಟ್ ನಂಬಬೇಡಿ. ಅದನ್ನೂ ಸೇಫ್ಟಿ ವಾಲ್ವನ್ನೂ ಅದೇ ಕಂಪನಿಯದು, ಅದೇ ಅಳತೆಯದು ಹೊಸದಾಗಿ ಹಾಕಿಸಿ. ಗ್ಯಾಸ್ಕೆಟ್ ಒಂದೇ ಸಾಲದು, ಎರಡೂ ಬೇಕು. ಒಮ್ಮೆ ಒಬ್ಬರು ಗ್ಯಾಸ್ಕೆಟ್ ಬದಲಿಸಲು ಕುಕ್ಕರ್ ತಂದಿದ್ದರು. ಸೇಫ್ಟಿ ವಾಲ್ವ್ ಲೀಕ್ ಆಗುತ್ತೆ ಅಂತ ಯಾರೋ ಅದರ ತೂತಿಗೆ ಅಂಟು ಮೆತ್ತಿ ಕಲ್ಲಿನಂತೆ ಮಾಡಿದ್ದರು. ಆ ಕುಕ್ಕರ್ ಹಿಡಿದುಕೊಂಡಾಗ ನನ್ನ ಕೈ ನಡುಗಿತು. ಅಂಥದ್ದೇ ನಿಜವಾಗಿ ಸಿಡಿಯುವುದು.

ಇನ್ನು ದಿನಾ ಒಂದು ಕೆಲಸ ಮಾಡಿ. ಒಲೆಗೆ ಇಡುವ ಮೊದಲು ಮುಚ್ಚಳ ಎತ್ತಿ ಕೊಳವೆಯ ಒಳಗಿಂದ ಕಿಟಕಿ ನೋಡಿ. ಬೆಳಕು ಕಾಣಬೇಕು. ಕಾಣದಿದ್ದರೆ ಸೂಜಿ ಹಾಕಿ ಬಿಡಿಸಿ, ನೀರು ಹಾಯಿಸಿ. ವೆಯಿಟ್ ಬಿಡಿಯಾಗಿ ಬರುವ ಕುಕ್ಕರ್ ಆದರೆ, ಕೊಳವೆಯಿಂದ ಹಬೆ ಒಂದೇ ಸಮನೆ ಬರಲು ಶುರುವಾದ ಮೇಲೆ ವೆಯಿಟ್ ಇಡಿ. ದಾರಿ ಸರಾಗವಾಗಿದೆ ಅಂತ ಕಣ್ಣಿಗೇ ಕಾಣುತ್ತದೆ. ತೆಗೆಯುವಾಗ ಆತುರ ಬೇಡ. ಹದಿನೈದು ನಿಮಿಷ ಬಿಟ್ಟು, ವೆಯಿಟ್ ಮೆಲ್ಲಗೆ ಎತ್ತಿ ನೋಡಿ. ಸುಸ್ ಅಂದರೆ ಇನ್ನೂ ಕಾಯಿರಿ. ಸದ್ದಿಲ್ಲ ಅಂದರೆ ತೆಗೆಯಬಹುದು. ಮುಚ್ಚಳ ಬರದಿದ್ದರೆ ಸೌಟಿನಿಂದ ಮೀಟಬೇಡಿ.

ಮೊದಲ ದಿನ ಎರಡು ಲೋಟ ಬರೀ ನೀರು ಹಾಕಿ ಒಂದು ಕೂಗು ಕೂಗಿಸಿ, ಆರಿಸಿ. ಮರುದಿನ ಅನ್ನ ಇಡಿ. ಡಬ್ಬಿಯಲ್ಲಿ ಒಂದು ಲೋಟ ಅಕ್ಕಿಗೆ ಎರಡು ಲೋಟ ನೀರು, ಕುಕ್ಕರಿನ ತಳದಲ್ಲಿ ಬೇರೆ ಎರಡು ಲೋಟ ನೀರು. ಕೂಗು ಬಂದ ಮೇಲೆ ಸಿಮ್ಮಿನಲ್ಲಿ ಐದಾರು ನಿಮಿಷ. ಹೇಗಾಯಿತು ಅಂತ ನನಗೆ ಒಂದು ಸಾಲು ಬರೆಯಿರಿ ಮೇಷ್ಟ್ರೇ.

ಪ್ರಶ್ನೆ: ಉಡುಪಿಯವರು, ಪುಣೆಯಲ್ಲಿದ್ದೇವೆ. ಕುಚಲಕ್ಕಿ ಗ್ಯಾಸ್ ಒಲೆಯಲ್ಲಿ ಒಂದು ಗಂಟೆ ಬೇಯಿಸಬೇಕಾಗುತ್ತದೆ. ಕುಕ್ಕರಿನಲ್ಲಿ ಆಗುತ್ತದಾ? – ಓದುಗರು, ಪುಣೆ

ಚೆನ್ನಾಗಿ ಆಗುತ್ತದೆ. ಮಂಗಳೂರಿನ ನನ್ನ ನಾದಿನಿ ಮಾಡುವ ರೀತಿ ಹೇಳುತ್ತೇನೆ. ಅಕ್ಕಿ ಚೆನ್ನಾಗಿ ತೊಳೆದು, ನೀರು ಧಾರಾಳ ಹಾಕಿ, ಅರ್ಧ ಕುಕ್ಕರ್ ದಾಟದಂತೆ ಇಡಿ. ಒಂದು ಕೂಗು ಬಂದ ಕೂಡಲೇ ಆರಿಸಿ. ಮುಚ್ಚಳ ತೆಗೆಯದೆ ಮುಕ್ಕಾಲು ಗಂಟೆ ಬಿಡಿ. ಮತ್ತೆ ಒಲೆ ಹಚ್ಚಿ ಇನ್ನೊಂದು ಕೂಗು. ಒತ್ತಡ ಇಳಿದ ಮೇಲೆ ಅಗುಳು ಹಿಚುಕಿ ನೋಡಿ ಗಂಜಿ ಬಸಿಯಿರಿ. ಗ್ಯಾಸ್ ಉರಿಯುವುದು ಹೆಚ್ಚೆಂದರೆ ಇಪ್ಪತ್ತು ನಿಮಿಷ.

ಪ್ರಶ್ನೆ: ಅಲ್ಯೂಮಿನಿಯಂ ಕುಕ್ಕರಿನ ಒಳಗೆಲ್ಲ ಕಪ್ಪಾಗಿದೆ. ಎಸೆಯಬೇಕಾ? – ಓದುಗರು, ತುಮಕೂರು

ಬೇಡ. ನೀರಿನಲ್ಲಿರುವ ಲವಣದಿಂದ ಬರುವ ಕಪ್ಪು ಅದು. ನೀರು ತುಂಬಿ ಎರಡು ನಿಂಬೆಹಣ್ಣಿನ ಸಿಪ್ಪೆ ಹಾಕಿ, ಮುಚ್ಚಳ ಮುಚ್ಚದೆ ಹತ್ತು ನಿಮಿಷ ಕುದಿಸಿ ಉಜ್ಜಿ. ಡಬ್ಬಿ ಇಟ್ಟು ಬೇಯಿಸುವವರು ತಳದ ನೀರಿಗೆ ದಿನಾ ಒಂದು ಹಿಂಡಿದ ನಿಂಬೆ ಸಿಪ್ಪೆ ಹಾಕಿದರೆ ಕಪ್ಪಾಗುವುದೇ ಇಲ್ಲ.

ಪ್ರಶ್ನೆ: ಮುಚ್ಚಳದ ಪಕ್ಕದಿಂದ ಹಬೆ ಬರುತ್ತದೆ, ಕೂಗು ಬರುವುದಿಲ್ಲ. ಗ್ಯಾಸ್ಕೆಟ್ಟನ್ನು ಫ್ರೀಜರಿನಲ್ಲಿ ಇಟ್ಟರೆ ಸರಿಹೋಗುತ್ತದೆ ಅಂತಾರೆ. – ಓದುಗರು, ಹಾಸನ

ಆ ಹೊತ್ತಿನ ಅಡುಗೆ ಮುಗಿಸಿಕೊಳ್ಳಬಹುದು. ನಾನೂ ಮಾಡಿದ್ದೇನೆ. ಆದರೆ ಸಡಿಲಾದ ರಬ್ಬರ್ ಮತ್ತೆ ಬಿಗಿಯಾಗುವುದಿಲ್ಲ. ಗ್ಯಾಸ್ಕೆಟ್ ಬಗ್ಗಿಸಿ ನೋಡಿ. ಸಣ್ಣ ಬಿರುಕು ಕಂಡರೆ, ಇಲ್ಲವೇ ಮುಚ್ಚಳದ ಅಂಚಿನಿಂದ ಜೋತುಬಿದ್ದರೆ ಅವತ್ತೇ ಬದಲಿಸಿ. ದಿನಾ ಬಳಸುವವರಿಗೆ ಒಂದು ವರ್ಷ ಬರುತ್ತದೆ. ಅಡುಗೆ ಆದ ಮೇಲೆ ತೊಳೆದು, ಮುಚ್ಚಳಕ್ಕೆ ಸಿಕ್ಕಿಸದೆ ಮೊಳೆಗೆ ನೇತುಹಾಕಿ ಒಣಗಿಸಿದರೆ ಇನ್ನೂ ಸ್ವಲ್ಪ ಜಾಸ್ತಿ.