ಹುರುಳಿಯನ್ನು ಆರನೇ ಪುಟದಲ್ಲಿ ಯಾಕೆ ಬಚ್ಚಿಟ್ಟಿರಿ?

ನಮಸ್ಕಾರ.

ಲೆಕ್ಟಿನ್‌ಗಳ ಬಗ್ಗೆ, ಅಂದರೆ ಸಕ್ಕರೆಯನ್ನು ಹಿಡಿಯುವ ಪ್ರೋಟೀನ್‌ಗಳ ಬಗ್ಗೆ, ನೀವು ಕಳಿಸಿದ ‘ಜೀವಕೋಶದ ಅದ್ಭುತ ಗೋಂದು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ ಬಿಸಾಕುವ ಬರಹವೂ ಅಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ಬರೀ ವ್ಯಾಖ್ಯಾನ. ಆಮೇಲೆ ಗ್ಯಾಲೆಕ್ಟಿನ್-1, ಗ್ಯಾಲೆಕ್ಟಿನ್-3 ಅಂತ ಶಾಲೆಯಲ್ಲಿ ಹಾಜರಿ ಕೂಗಿದ ಹಾಗೆ ಲೆಕ್ಟಿನ್‌ಗಳ ಹೆಸರುಗಳು. ಆರನೇ ಪುಟದ ಕೊನೆಯಲ್ಲಿ ಒಂದೇ ಒಂದು ಸಾಲು: ಎ ಗುಂಪಿನ ರಕ್ತದ ಒಳಬಗೆಗಳಲ್ಲಿ ಎ1 ಅನ್ನು ಎ2ನಿಂದ ಬೇರೆ ಮಾಡಿ ಗುರುತಿಸಲು ಹುರುಳಿಯ ಲೆಕ್ಟಿನ್ ಬಳಸುತ್ತಾರೆ. ಅಯ್ಯೋ, ನಾವು ಸಾರು ಮಾಡುವ ಹುರುಳಿ! ಅಲ್ಲಿಂದಲೇ ಶುರು ಮಾಡಿ. ಗಾಜಿನ ಮೇಲೆ ಒಂದು ಹನಿ ರಕ್ತ, ಜೊತೆಗೆ ಹದವಾಗಿ ತೆಳು ಮಾಡಿದ ಹುರುಳಿ ರಸ ಒಂದು ಹನಿ. ಎ1 ಆದರೆ ಕೆಂಪುಕಣಗಳು ಒಡೆದ ಹಾಲಿನ ಹಾಗೆ ಗಂಟುಗಂಟಾಗುತ್ತವೆ. ಕಣಗಳ ಮೈಮೇಲಿನ ಸಕ್ಕರೆಯನ್ನು ಲೆಕ್ಟಿನ್ ಹಿಡಿದುಕೊಂಡಿದ್ದರಿಂದ ಹೀಗೆ. ನೀವು ‘ಹೆಪ್ಪುಗಟ್ಟುತ್ತದೆ’ ಎಂದಿದ್ದೀರಿ, ತಪ್ಪು. ಗಾಯವಾದಾಗ ರಕ್ತ ಹೆಪ್ಪುಗಟ್ಟುವುದು ಬೇರೆಯೇ ಕೆಲಸ. ಲೆಕ್ಟಿನ್ ಸಕ್ಕರೆಯನ್ನು ‘ಒಡೆಯುತ್ತದೆ’ ಅನ್ನುವುದೂ ತಪ್ಪು. ಒಡೆಯುವುದು ಕಿಣ್ವ. ಇದು ಹಿಡಿಯುತ್ತದೆ, ಅಷ್ಟೇ.

ನನ್ನ ದೊಡ್ಡ ತಕರಾರು ಗೋಂದಿನ ಬಗ್ಗೆ. ಗೋಂದು ಅಂಟಿದರೆ ಬಿಡುವುದಿಲ್ಲ. ಸೆಲೆಕ್ಟಿನ್ ಎಂಬ ಲೆಕ್ಟಿನ್ ಬಿಡುತ್ತದೆ, ಅದರ ಕೆಲಸ ನಡೆಯುವುದೇ ಹಾಗೆ. ಕಾಲಿಗೆ ಮುಳ್ಳು ಚುಚ್ಚಿತು ಅನ್ನಿ. ಅಲ್ಲಿನ ರಕ್ತನಾಳದ ಒಳಗೋಡೆ ಸೆಲೆಕ್ಟಿನ್‌ಗಳನ್ನು ಚಾಚುತ್ತದೆ. ರಕ್ತದ ಜೊತೆ ಓಡುತ್ತಿರುವ ಬಿಳಿಕಣದ ಮೈಯ ಸಕ್ಕರೆಯನ್ನು ಅವು ಹಿಡಿಯುತ್ತವೆ, ಬಿಡುತ್ತವೆ, ಮತ್ತೆ ಹಿಡಿಯುತ್ತವೆ. ಓಡುವ ಸಿಟಿ ಬಸ್ಸಿನಲ್ಲಿ ಒಂದೊಂದೇ ಕಂಬಿ ಹಿಡಿದು ಬಿಟ್ಟು ಬಾಗಿಲಿಗೆ ಬರುತ್ತೇವಲ್ವಾ, ಹಾಗೆ. ಕಣ ಉರುಳುತ್ತಾ ನಿಧಾನವಾಗುತ್ತದೆ. ಆಮೇಲೆ ಇಂಟೆಗ್ರಿನ್ ಎಂಬ ಇನ್ನೊಂದು ಪ್ರೋಟೀನ್ ಬಿಗಿಯಾಗಿ ನಿಲ್ಲಿಸುತ್ತದೆ. ಕಣ ಗೋಡೆಯ ಸಂದಿಯಲ್ಲಿ ನುಸುಳಿ ಮುಳ್ಳಿನ ಹತ್ತಿರ ಹೋಗುತ್ತದೆ. ಮೊದಲೇ ಗೋಂದು ಹಚ್ಚಿದ್ದರೆ? ಸಿಕ್ಕಿಕೊಂಡಲ್ಲೇ ಕೂತಿರುತ್ತಿತ್ತು. ಹಾಗಾಗಿ ಶೀರ್ಷಿಕೆ ಬದಲಾಗಲೇಬೇಕು.

ಇತಿಹಾಸ ಜಾಸ್ತಿಯಾಯಿತು. 1888ರಲ್ಲಿ ವಿಜ್ಞಾನಿ ಸ್ಟಿಲ್‌ಮಾರ್ಕ್ ಹರಳು ಬೀಜದಲ್ಲಿ ಕೆಂಪುಕಣಗಳನ್ನು ಗಂಟುಗಟ್ಟಿಸುವ ಗುಣ ಕಂಡಿದ್ದು ಇರಲಿ. 1954ರಲ್ಲಿ ಇನ್ನೊಬ್ಬ ವಿಜ್ಞಾನಿ ಬಾಯ್ಡ್ ‘ಆರಿಸು’ ಎಂಬ ಲ್ಯಾಟಿನ್ ಪದದಿಂದ ಲೆಕ್ಟಿನ್ ಎಂಬ ಹೆಸರು ತೆಗೆದಿದ್ದೂ ಇರಲಿ, ಎ1 ಆರಿಸುವ ಹುರುಳಿಗೆ ಅದು ಚೆನ್ನಾಗಿ ಒಪ್ಪುತ್ತದೆ. ಉಳಿದ ಇಸವಿಗಳೆಲ್ಲ ಸುಮ್ನೆ ಭಾರ.

800 ಪದಕ್ಕೆ ಇಳಿಸಿ ಮತ್ತೆ ಕಳಿಸಿ. ‘ಅದ್ಭುತ’ 11 ಸಲ ಬಂದಿದೆ. 10 ನಾನೇ ಹೊಡೆದುಹಾಕಿದ್ದೇನೆ, ಶೀರ್ಷಿಕೆಯಲ್ಲಿರುವುದನ್ನು ನೀವು ತೆಗೆಯಿರಿ.

ಸಂಪಾದಕ