ಪಕ್ಷಾಂತರಿಗೆ ಚೀನಾದ ಯಾವ ನುಡಿಗಟ್ಟು?

ತುಮಕೂರಿನ ಓದುಗರೊಬ್ಬರ ಪತ್ರ: "ಸಂದರ್ಭಕ್ಕೆ ತಕ್ಕಂಗೆ ಬದಲಾಗು ಅನ್ನೋದಕ್ಕೆ ಚೀನಿ ಭಾಷೆಯಲ್ಲಿ 'ಸುಯ್ ಜೀ ಯಿಂಗ್ ಬಿಯೆನ್' ಅಂತಾರಂತೆ. ನಮ್ಮ 'ಗಾಳಿ ಬಂದಾಗ ತೂರಿಕೋ' ಥರಾನೇ ಅಲ್ವಾ? ಪಕ್ಷಾಂತರಿಗಳ ಬಗ್ಗೆ ಬರೀತಿರೋ ಲೇಖನಕ್ಕೆ ಇದನ್ನೇ ತಲೆಬರಹ ಮಾಡ್ಲಾ?"

ಬೇಡಿ ಸ್ವಾಮಿ. ಹೋಲಿಕೆ ಪೂರ್ತಿ ತಪ್ಪಲ್ಲ, ಒಪ್ಪಿದೆ. ಆದ್ರೆ ಆ ಚೀನಿ ನುಡಿಗಟ್ಟು ಹೊಗಳೋ ಮಾತು. ಜೀ ಅಂದ್ರೆ ಆ ಗಳಿಗೆ, ಬಿಯೆನ್ ಅಂದ್ರೆ ಬದಲಾವಣೆ. ಗಳಿಗೆ ನೋಡ್ಕೊಂಡು ಬದಲಾವಣೆಗೆ ಸ್ಪಂದಿಸು ಅಂತ. ಮೈಕ್ ಕೈಕೊಟ್ಟಾಗ ಜನರ ಕೈಲೇ ಹಾಡಿಸಿ ಕಾರ್ಯಕ್ರಮ ಉಳಿಸಿದ ಗಾಯಕನಿಗೆ ಒಪ್ಪುತ್ತೆ. ಪಕ್ಷಾಂತರಿಗೆ ಬೇರೇದೇ ಇದೆ, 'ಜಿಯೆನ್ ಫೆಂಗ್ ಷಿ ದುವೊ', ಗಾಳಿ ನೋಡಿ ಚುಕ್ಕಾಣಿ ತಿರುಗಿಸೋದು, ಅದು ಅಪ್ಪಟ ಬೈಗುಳ.

ಬದಲಾಗದೇ ಇರೋರನ್ನೂ ಚೀನಿಯರು ಬಿಟ್ಟಿಲ್ಲ. ಛಿನ್ ರಾಜ್ಯದ ಮಂತ್ರಿ ಲ್ಯೂ ಬುವೇಯ್ ಕ್ರಿ.ಪೂ. 239ರ ಹೊತ್ತಿಗೆ ಪಂಡಿತರನ್ನ ಕೂರಿಸಿ ಬರೆಸಿದ ಗ್ರಂಥದಲ್ಲಿ ಒಬ್ಬ ದೋಣಿಯಿಂದ ಕತ್ತಿ ಬೀಳಿಸ್ಕೊಂಡು, ಬಿದ್ದ ಜಾಗ ಅಂತ ದೋಣಿಯ ಅಂಚಿಗೇ ಗುರುತು ಕೊರೆದು, ದಡಕ್ಕೆ ಬಂದ್ಮೇಲೆ ಆ ಗುರುತಿನ ಕೆಳಗೆ ನೀರಿಗಿಳಿದು ಹುಡುಕ್ತಾನೆ. ಇದನ್ನ ಓದಿ ನಗ್ತೀವಿ. ಅದೇ ಅಧ್ಯಾಯದಲ್ಲಿ ಚು ರಾಜ್ಯದ ಸೈನ್ಯ ನದಿ ದಾಟೋಕೆ ಮೊದಲೇ ಗುರುತು ನೆಟ್ಟಿರುತ್ತೆ, ನೀರು ಏರಿದ್ದು ಗೊತ್ತಾಗದೆ ರಾತ್ರಿ ಅದೇ ಗುರುತು ಹಿಡ್ಕೊಂಡು ಇಳೀತಾರೆ, ಸಾವಿರಕ್ಕೂ ಹೆಚ್ಚು ಜನ ಮುಳುಗ್ತಾರೆ.

ಇನ್ನು ನಮ್ಮ ಗಾದೆ. ಅದನ್ನ ಬೈಗುಳ ಮಾಡಿದ್ದು ನಾವೇ ಸ್ವಾಮಿ. ಕಣದಲ್ಲಿ ನಮ್ಮಜ್ಜ ಮೊರ ಎತ್ತಿ ಹಿಡ್ಕೊಂಡು ಗಾಳಿಗೆ ಕಾಯ್ತಾ ನಿಂತಿರ್ತಿದ್ದ, ಗಾಳಿ ಪಕ್ಕಕ್ಕೆ ತಿರುಗಿದ್ರೆ ತಾನೂ ಸರಿದು ನಿಲ್ತಿದ್ದ, ಇಲ್ದಿದ್ರೆ ಹೊಟ್ಟೆಲ್ಲಾ ಕಣ್ಣಿಗೇ. ಅದರಲ್ಲಿ ಅವಕಾಶವಾದ ಎಲ್ಲಿ ಬಂತು? ರಾಗಿ ಅಂತೂ ರಾಗಿಯಾಗೇ ಇರ್ತಿತ್ತು.

ನನಗೆ ಮೈ ಉರಿಯೋದು ಇನ್ನೊಂದಕ್ಕೆ. 'ವೇಯ್ ಜೀ', ಅಂದ್ರೆ ಬಿಕ್ಕಟ್ಟು, ಅದರಲ್ಲಿ ಅಪಾಯನೂ ಇದೆ ಅವಕಾಶನೂ ಇದೆ ಅಂತ ವಾಟ್ಸಾಪ್ ತುಂಬಾ ಓಡಾಡುತ್ತಲ್ಲ, 1959ರಲ್ಲೇ ಕೆನಡಿ ಭಾಷಣದಲ್ಲಿ ಹೇಳಿದ್ದು ಅದು. ಅಲ್ಲಿ ಜೀ ಅಂದ್ರೆ ಅವಕಾಶ ಅಲ್ಲ, ನಾಜೂಕಿನ ಗಳಿಗೆ. ಮೊಬೈಲಿಗೆ ಅವರು 'ಷೌ ಜೀ' ಅಂತಾರೆ, ಷೌ ಅಂದ್ರೆ ಕೈ, ಹಾಗಾದ್ರೆ ಅದು ಕೈಯವಕಾಶವೋ? ನಾನು ಹಿಂದೆ ಇದ್ದ ಆಫೀಸಲ್ಲಿ ಈ ಮಾತಿಗೆ ಫ್ರೇಮ್ ಹಾಕ್ಸಿ ಗೋಡೆಗೆ ನೇತುಹಾಕಿದ್ರು, ಅದೇ ವರ್ಷ ನಮ್ಮ ಇನ್‌ಕ್ರಿಮೆಂಟ್ ನಿಲ್ಲಿಸಿದ್ರು.

ಲೇಖನ ಕಳಿಸಿ, ತಲೆಬರಹ ನಾನೇ ಹಾಕ್ತೀನಿ.