ಹಸಿರು ಚೌಕ ಮೂಡಿದರೂ ಬೆಳ್ಳಕ್ಕಿ ಮಸುಕು: ಚಿಕ್ಕ ಮಿರರ್‌ಲೆಸ್ ಕ್ಯಾಮೆರಾವನ್ನು ಮಾರಿಬಿಡಬೇಕೆ?

ನೀವು ಕೇಳಿರುವುದು ಇಷ್ಟು: ಗಂಗಾವತಿಯವರು, ವ್ಯೂಫೈಂಡರ್ (ಕಣ್ಣಿಟ್ಟು ನೋಡುವ ಕಿಂಡಿ) ಇಲ್ಲದ ಚಿಕ್ಕ ಮಿರರ್‌ಲೆಸ್ ಕ್ಯಾಮೆರಾವನ್ನು ಜೊತೆಗೇ ಬರುವ ಕಿಟ್ ಲೆನ್ಸ್ ಮತ್ತು ದೂರದ್ದನ್ನು ಹತ್ತಿರ ತೋರುವ ಒಂದು ಟೆಲಿ ಜೂಮ್ ಸಮೇತ ಕೊಂಡಿದ್ದೀರಿ. ಫೋಕಸ್ ಹುಡುಕುವಾಗ ಲೆನ್ಸ್ ‘ಒಳಗೂ ಹೊರಗೂ ಉಸಿರಾಡಿದಂತೆ’ ಚಲಿಸುತ್ತದೆ. ಫೋಕಸ್ ಸಿಕ್ಕಿತೆಂದು ಹೇಳುವ ಹಸಿರು ಚೌಕ ಪರದೆಯ ಮೇಲೆ ಮೂಡಿದರೂ ಭತ್ತದ ಗದ್ದೆಯ ಬೆಳ್ಳಕ್ಕಿ ಮಸುಕಾಗಿ, ಅದರ ಹಿಂದಿನ ಬದು ಸ್ಪಷ್ಟವಾಗಿ ಬರುತ್ತದೆ. ಕೊಪ್ಪಳದ ಗವಿಮಠದ ಜಾತ್ರೆಯ ಚಿತ್ರಗಳು ಬಹುಪಾಲು ಕೈಕೊಟ್ಟಿವೆ. ಹಿಡಿಯಲಿಕ್ಕೂ ಕ್ಯಾಮೆರಾ ಅನುಕೂಲವಾಗಿಲ್ಲ. ಹಾಗಾಗಿ ಲೆನ್ಸನ್ನು ಸರ್ವಿಸ್‌ಗೆ ಕೊಡಬೇಕೋ, ಎಲ್ಲವನ್ನೂ ಮಾರಿ, ಒಳಗೆ ಕನ್ನಡಿಯಿರುವ ಹಳೆಯ ಡಿಎಸ್ಎಲ್ಆರ್‌ಗೆ ಮರಳಬೇಕೋ ಎಂಬುದು ನಿಮ್ಮ ಪ್ರಶ್ನೆ.

ಸದ್ಯಕ್ಕೆ ಎರಡೂ ಬೇಡ ಎಂಬುದೇ ನನ್ನ ಉತ್ತರ. ಕೊಪ್ಪಳ, ಬಳ್ಳಾರಿ ಸೀಮೆಯಲ್ಲೇ ಇಂಥದೇ ಚಿಕ್ಕ ಕ್ಯಾಮೆರಾ ಹಿಡಿದು ಓಡಾಡುವವನಾಗಿ ಹೇಳುತ್ತೇನೆ: ನೀವು ವಿವರಿಸಿದ ಫೋಕಸ್ ತೊಂದರೆಗಳಲ್ಲಿ ಹೆಚ್ಚಿನವು ಯಂತ್ರದ ದೋಷಗಳಲ್ಲ, ಯಾವುದನ್ನು ನೋಡಬೇಕು ಎಂಬ ಆಯ್ಕೆಯನ್ನು ನಾವು ಯಂತ್ರಕ್ಕೆ ಬಿಟ್ಟುಕೊಟ್ಟಿರುವುದರ ಫಲ. ಆ ಆಯ್ಕೆಯನ್ನು ಮರಳಿ ಪಡೆದರೆ ತೊಂದರೆ ಬಹಳ ಮಟ್ಟಿಗೆ ನೀಗುತ್ತದೆ. ಹಿಡಿತದ ತೊಂದರೆಗಳ ಕಥೆ ಬೇರೆ. ಅವು ನಿಜವಾದವು, ಯಾವ ಸೆಟ್ಟಿಂಗ್‌ನಿಂದಲೂ ಪೂರ್ತಿ ಹೋಗುವುದಿಲ್ಲ.

ಮೊದಲು ಒಂದು ಪರೀಕ್ಷೆ. ಹಾಳಾದ ಚಿತ್ರವನ್ನು ಕಂಪ್ಯೂಟರಿನಲ್ಲಿ ಪೂರ್ಣ ಗಾತ್ರಕ್ಕೆ ಹಿಗ್ಗಿಸಿ ನೋಡಿ. ಚೌಕಟ್ಟಿನೊಳಗೆ ಮುಂದೆಯೋ ಹಿಂದೆಯೋ ಏನಾದರೊಂದು ಚೂಪಾಗಿ ಕಾಣುತ್ತಿದ್ದರೆ ಅದು ಫೋಕಸ್ ತಪ್ಪಿದ ಚಿತ್ರ. ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತೆ ಇದ್ದರೆ ಕೈ ಅಲುಗಿದೆ. ಸುತ್ತಲಿನದೆಲ್ಲ ಸರಿಯಿದ್ದು ಹಕ್ಕಿಯ ರೆಕ್ಕೆಯೋ ಮನುಷ್ಯನ ಕೈಯೋ ಮಾತ್ರ ಮಸುಕಾಗಿದ್ದರೆ ಶಟರ್ ವೇಗ ಸಾಲದೆ ಹೋಗಿದೆ. ಗವಿಮಠದ ತೇರು ಎಳೆಯುವುದು ಜನವರಿಯ ಸಂಜೆ, ಬೆಳಕು ಇಳಿಯುವ ಹೊತ್ತಿಗೆ. ಕಿಟ್ ಲೆನ್ಸ್ ಜೂಮ್ ಮಾಡಿದಾಗ ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಎಫ್ 5.6ಕ್ಕೆ ಕುಗ್ಗುತ್ತದೆ, ಐಎಸ್ಒಗೆ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟಕ್ಕೆ) ಕಡಿಮೆ ಮಿತಿ ಹಾಕಿಟ್ಟಿದ್ದರೆ ಕ್ಯಾಮೆರಾ 1/60 ಸೆಕೆಂಡಿಗೆ ಇಳಿದುಬಿಡುತ್ತದೆ. ತೇರಿನತ್ತ ಉತ್ತತ್ತಿ ಎಸೆಯುವ ಕೈ ಆ ವೇಗಕ್ಕೆ ನಿಲ್ಲುವುದಿಲ್ಲ. ಐಎಸ್ಒ ಏರಿಸಿ 1/500 ಆದರೂ ಇಟ್ಟುಕೊಳ್ಳಿ. ಚಿತ್ರದಲ್ಲಿ ಕಾಳು ಕಾಳು ಕಂಡರೂ ಅದನ್ನು ಆಮೇಲೆ ತಗ್ಗಿಸಬಹುದು, ಅಲುಗಿದ ಚಿತ್ರಕ್ಕೆ ಮದ್ದಿಲ್ಲ.

ಬೆಳ್ಳಕ್ಕಿಯ ಚಿತ್ರದಲ್ಲಿ ಬದು ಚೂಪಾಗಿದೆ ಎಂದು ನೀವೇ ಬರೆದಿರುವುದರಿಂದ ಅದು ಖಂಡಿತ ಫೋಕಸಿನದೇ ಸಮಸ್ಯೆ. ಅದು ಏಕೆ ಆಗುತ್ತದೆ ಎಂಬುದನ್ನು ತಿಳಿಯಲು ಒಳಗಿನ ಕೆಲಸವನ್ನು ಸ್ವಲ್ಪ ನೋಡಬೇಕು.

ಡಿಎಸ್ಎಲ್ಆರ್‌ನಲ್ಲಿ ಫೋಕಸ್ ಅಳೆಯುವ ಪ್ರತ್ಯೇಕ ಸೆನ್ಸರ್ ಕನ್ನಡಿಯ ಕೆಳಗೆ ಇರುತ್ತಿತ್ತು. ಅದಕ್ಕೂ ಚಿತ್ರ ಹಿಡಿಯುವ ಸೆನ್ಸರಿಗೂ ಕೂದಲೆಳೆಯಷ್ಟು ಅಂತರ ವ್ಯತ್ಯಾಸವಾದರೂ ಪ್ರತಿ ಚಿತ್ರವೂ ಒಂದೇ ಕಡೆಗೆ ತಪ್ಪುತ್ತಿತ್ತು. ಲೆನ್ಸ್ ಸರಿಪಡಿಸಲು ಸರ್ವಿಸ್‌ಗೆ ಕೊಡುವ ಅಭ್ಯಾಸ ಬಂದದ್ದು ಆ ಕಾರಣಕ್ಕೆ. ಮಿರರ್‌ಲೆಸ್‌ನಲ್ಲಿ ಚಿತ್ರ ಹಿಡಿಯುವ ಸೆನ್ಸರೇ ಫೋಕಸನ್ನೂ ಅಳೆಯುವುದರಿಂದ ಆ ಬಗೆಯ ತಪ್ಪಿಗೆ ಹೆಚ್ಚು ಅವಕಾಶವಿಲ್ಲ. ಆದ್ದರಿಂದ ಲೆನ್ಸ್ ರಿಪೇರಿಗೆ ಹಣ ಹಾಕುವ ಮೊದಲು, ನಿಶ್ಚಲವಾದ ವಸ್ತುವೊಂದರ ಮೇಲೆ ಚಿಕ್ಕ ಫೋಕಸ್ ಬಿಂದುವಿಟ್ಟು, ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ನಿಲ್ಲಿಸಿ ತೆಗೆದು ನೋಡಿ. ಅಲ್ಲಿ ಚಿತ್ರ ಸರಿಯಾಗಿ ಬಂದರೆ ಲೆನ್ಸ್ ಸರಿಯಿದೆ.

ಸೆನ್ಸರ್ ಫೋಕಸ್ ಅಳೆಯುವ ವಿಧಾನ ಎರಡು. ಹಳೆಯದು ಕಾಂಟ್ರಾಸ್ಟ್ ವಿಧಾನ. ಲೆನ್ಸ್ ಹಿಂದೆ ಮುಂದೆ ಚಲಿಸುತ್ತ ಅಂಚುಗಳು ಎಲ್ಲಿ ಅತಿ ಚೂಪಾಗುತ್ತವೆ ಎಂದು ಹುಡುಕುತ್ತದೆ. ಶಿಖರ ದಾಟಿದ ಮೇಲಷ್ಟೇ ಅದು ಶಿಖರವೆಂದು ತಿಳಿಯುವುದರಿಂದ ಮತ್ತೆ ಹಿಂದಕ್ಕೆ ಬರಬೇಕು. ನೀವು ಬರೆದಿರುವ ‘ಒಳಗೂ ಹೊರಗೂ ಉಸಿರಾಡಿದಂತೆ’ ಎಂಬ ಚಲನೆ ಇದೇ. ಇನ್ನೊಂದು ಫೇಸ್ (phase) ಡಿಟೆಕ್ಷನ್; ಇಲ್ಲಿ ಫೇಸ್ ಎಂದರೆ ಮುಖವಲ್ಲ. ಸೆನ್ಸರಿನ ಮೇಲೆ ಹರಡಿಟ್ಟ ಕೆಲವು ಪಿಕ್ಸೆಲ್‌ಗಳು ಲೆನ್ಸಿನ ಎಡಭಾಗದ ಬೆಳಕನ್ನೂ, ಇನ್ನು ಕೆಲವು ಬಲಭಾಗದ ಬೆಳಕನ್ನೂ ನೋಡುತ್ತವೆ. ಎರಡೂ ನೋಟಗಳು ಪರಸ್ಪರ ಎಷ್ಟು ಸರಿದಿವೆ ಎಂಬುದರಿಂದ ಲೆನ್ಸ್ ಯಾವ ದಿಕ್ಕಿಗೆ, ಎಷ್ಟು ಹೋಗಬೇಕೆಂದು ಒಂದೇ ಅಳತೆಯಲ್ಲಿ ಗೊತ್ತಾಗುತ್ತದೆ. ಕ್ಯಾನನ್ 2013ರಲ್ಲಿ 70ಡಿ ಕ್ಯಾಮೆರಾದಲ್ಲಿ ತಂದ ಡ್ಯುಯಲ್ ಪಿಕ್ಸೆಲ್ ಇದೇ ತತ್ತ್ವದ್ದು. 2014ರ ಸೋನಿ ಎ6000ದಲ್ಲಿ ಇಂಥ 179 ಬಿಂದುಗಳಿದ್ದವು. ಪ್ಯಾನಸಾನಿಕ್ ಮಾತ್ರ ಬಹುಕಾಲ ಕಾಂಟ್ರಾಸ್ಟನ್ನೇ ನಂಬಿ, 2023ರಲ್ಲಿ ಎಸ್5 ಮಾರ್ಕ್ 2 ಮೂಲಕ ಫೇಸ್ ಡಿಟೆಕ್ಷನ್‌ಗೆ ಬಂದಿತು. ನಿಮ್ಮದು ಯಾವ ವಿಧಾನದ್ದು ಎಂಬುದನ್ನು ಕೈಪಿಡಿಯಲ್ಲಿ ನೋಡಿಕೊಳ್ಳಿ. ಕಾಂಟ್ರಾಸ್ಟ್ ಮಾತ್ರ ಇದ್ದರೆ ಹಾರುವ ಹಕ್ಕಿಯ ಆಸೆಯನ್ನು ಅದರಿಂದ ಇಟ್ಟುಕೊಳ್ಳುವುದು ನ್ಯಾಯವಲ್ಲ.

ವಿಧಾನ ಯಾವುದಾದರೂ ಅದಕ್ಕೆ ಬೇಕಿರುವುದು ವಿವರ, ಅಂಚು, ಬೆಳಕು ನೆರಳಿನ ಭೇದ. ಬೆಳ್ಳಕ್ಕಿ ಬಿಸಿಲಿಗೆ ನಿಂತಾಗ ಏನಾಗುತ್ತದೆ ನೋಡಿ. ಹಸಿರು ಗದ್ದೆಯ ನಡುವೆ ಕ್ಯಾಮೆರಾ ಒಟ್ಟು ಬೆಳಕನ್ನು ಅಳೆದು ಚಿತ್ರವನ್ನು ಬೆಳಗಿಸುತ್ತದೆ. ಹಕ್ಕಿಯ ಮೈ ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗಾಗಿ ಗರಿಯ ಗೆರೆಗಳೇ ಅಳಿಸಿಹೋಗುತ್ತವೆ. ಹಿಂದಿನ ಬದುವಿನಲ್ಲಾದರೋ ಹುಲ್ಲು, ಮಣ್ಣು, ನೆರಳು ಎಲ್ಲವೂ ಅಂಚುಗಳೇ. ಇಡೀ ಚೌಕಟ್ಟನ್ನು ಫೋಕಸ್ ಕ್ಷೇತ್ರವಾಗಿ ಬಿಟ್ಟಿದ್ದರೆ ಕ್ಯಾಮೆರಾ ಬದುವನ್ನು ಹಿಡಿಯುವುದು ಸಹಜ, ಹಸಿರು ಚೌಕ ಮೂಡುವುದೂ ಸಹಜ. ಆ ಚೌಕ ಹೇಳುವುದು ‘ಏನನ್ನೋ ಹಿಡಿದಿದ್ದೇನೆ’ ಎಂದು ಮಾತ್ರ. ನಿಮಗೆ ಬೇಕಾದದ್ದನ್ನೇ ಹಿಡಿದಿದೆ ಎಂದಲ್ಲ. ಎಕ್ಸ್‌ಪೋಶರನ್ನು ಒಂದು ಸ್ಟಾಪಿನಷ್ಟು, ಅಂದರೆ ಬೆಳಕು ಅರ್ಧವಾಗುವಷ್ಟು, ತಗ್ಗಿಸಿ, ಫೋಕಸ್ ಕ್ಷೇತ್ರವನ್ನು ಚಿಕ್ಕ ಒಂಟಿ ಬಿಂದುವಿಗೆ ಇಳಿಸಿ, ಅದನ್ನು ಹಕ್ಕಿಯ ಕೊಕ್ಕು ತಲೆಗೆ ಸೇರುವ ಜಾಗದಲ್ಲಿಡಿ. ಬಿಳುಪಿಗೂ ಕೊಕ್ಕಿನ ಬಣ್ಣಕ್ಕೂ ನಡುವಿನ ಆ ಗಡಿ ಕ್ಯಾಮೆರಾಕ್ಕೆ ಸಿಗುವ ಅತ್ಯುತ್ತಮ ಆಧಾರ.

ದರೋಜಿ ಕರಡಿಧಾಮದಲ್ಲಿ ಇದೇ ಸಮಸ್ಯೆ ತಲೆಕೆಳಗಾಗಿ ಎದುರಾಗುತ್ತದೆ. ಕರಡಿ ಕಡುಗಪ್ಪು, ಸುತ್ತಲಿನ ಬಂಡೆಗಳು ಒರಟು, ಬಿಸಿಲಿಗೆ ಹೊಳೆಯುವಂಥವು. ಮೈಮೇಲೆ ಬಿಂದುವಿಟ್ಟರೆ ಲೆನ್ಸ್ ತಡಕಾಡುತ್ತದೆ. ಕರಡಿಯ ಮೂತಿ ಮಾಸಲು ಬಿಳುಪು. ಆ ಮೂತಿಗೂ ಕಪ್ಪು ಕೂದಲಿಗೂ ನಡುವಿನ ಗೆರೆಗೆ ಬಿಂದುವಿಟ್ಟರೆ ಕೂಡಲೇ ಲಾಕ್ ಆಗುತ್ತದೆ. ಇಷ್ಟಾದರೂ ಬೇಸಿಗೆಯಲ್ಲಿ, ದೂರದ ಗೋಪುರದಿಂದ ತೆಗೆದ ಚಿತ್ರ ಮೆತ್ತಗೆ ಬಂದರೆ ಕ್ಯಾಮೆರಾವನ್ನು ದೂರಬೇಡಿ. ಕಾದ ಬಂಡೆಯ ಮೇಲೆ ಗಾಳಿ ಕುದಿಯುತ್ತಿರುತ್ತದೆ, ದೂರದ ವಸ್ತುವಿನ ಅಂಚೇ ನಡುಗುತ್ತಿರುತ್ತದೆ. ಎಷ್ಟು ಲಕ್ಷದ ಲೆನ್ಸಿಗೂ ಅದನ್ನು ದಾಟಲು ಆಗದು. ಬಿಸಿಲು ತಗ್ಗುವವರೆಗೆ ಕಾಯುವುದು, ಇಲ್ಲವೇ ಅನುಮತಿಯಿದ್ದಷ್ಟು ಹತ್ತಿರದಿಂದ ತೆಗೆಯುವುದು, ಇವೆರಡೇ ದಾರಿ.

ಇನ್ನೊಂದು ತೊಂದರೆಯನ್ನು ನೀವು ಕೇಳಿಲ್ಲ, ಆದರೆ ನಮ್ಮ ಕಡೆ ಗುಡಿಗಳನ್ನು ತೆಗೆಯುವವರಿಗೆಲ್ಲ ಇದು ಎದುರಾಗುತ್ತದೆ. ಫೇಸ್ ಡಿಟೆಕ್ಷನ್ ಪಿಕ್ಸೆಲ್‌ಗಳು ಸಾಮಾನ್ಯವಾಗಿ ಎಡ-ಬಲ ಸರಿತವನ್ನು ಮಾತ್ರ ಅಳೆಯುತ್ತವೆ. ಶುದ್ಧ ಅಡ್ಡಗೆರೆಯೊಂದನ್ನು ಎಡಕ್ಕೆ ಬಲಕ್ಕೆ ಸರಿಸಿದರೆ ಅದು ಇದ್ದಂತೆಯೇ ಕಾಣುವುದರಿಂದ ಅವುಗಳಿಗೆ ಅಳೆಯಲು ಏನೂ ಸಿಗುವುದಿಲ್ಲ. 1112ರಲ್ಲಿ ಕಟ್ಟಿದ ಇಟಗಿಯ ಮಹಾದೇವ ದೇವಾಲಯದ ತಳಭಾಗ ಪೂರಾ ಅಡ್ಡಪಟ್ಟಿಗಳ ಸಾಲು. ಅಲ್ಲಿ ಒಂದು ನಯವಾದ ಪಟ್ಟಿಯ ಮೇಲೆ ಚಿಕ್ಕ ಬಿಂದುವಿಟ್ಟು ನೋಡಿ, ಎಷ್ಟೋ ಕ್ಯಾಮೆರಾಗಳು ತಡವರಿಸುತ್ತವೆ. ಕ್ಯಾಮೆರಾವನ್ನು ಸ್ವಲ್ಪ ಓರೆಯಾಗಿಸಿ ಅಥವಾ ಉದ್ದಕ್ಕೆ ತಿರುಗಿಸಿ ಶಟರ್ ಅರ್ಧ ಒತ್ತಿ, ಲಾಕ್ ಆದಮೇಲೆ ಮತ್ತೆ ನೇರ ಮಾಡಿಕೊಂಡು ತೆಗೆಯಿರಿ. ಒಎಂ-1 ಕ್ಯಾಮೆರಾದಂತೆ ಅಡ್ಡ-ಉದ್ದ ಎರಡನ್ನೂ ಅಳೆಯುವ ಸೆನ್ಸರ್‌ಗಳು ಈಗ ಬಂದಿವೆ, ಆದರೆ ನಮ್ಮ ಬಜೆಟ್ಟಿನ ಚಿಕ್ಕ ಕ್ಯಾಮೆರಾಗಳಲ್ಲಿ ಅದು ಅಪರೂಪ.

ನೀವು ಮಾಡಬೇಕಾದ ಬದಲಾವಣೆಗಳಲ್ಲಿ ನಾನು ಅತಿ ಮುಖ್ಯವೆಂದು ನಂಬಿರುವುದು ಫೋಕಸನ್ನು ಶಟರ್ ಗುಂಡಿಯಿಂದ ಬೇರ್ಪಡಿಸಿ ಹಿಂಬದಿಯ ಒಂದು ಗುಂಡಿಗೆ ಕೊಡುವುದು. ಎಎಫ್-ಸಿ, ಅಂದರೆ ನಿರಂತರ ಫೋಕಸ್, ಇಟ್ಟುಕೊಂಡು ಹೆಬ್ಬೆರಳು ಒತ್ತಿ ಹಿಡಿದಿರುವವರೆಗೆ ಕ್ಯಾಮೆರಾ ಬೆನ್ನಟ್ಟುತ್ತದೆ. ಬಿಟ್ಟ ಕ್ಷಣ ಇದ್ದಲ್ಲೇ ನಿಲ್ಲುತ್ತದೆ. ಜಾತ್ರೆಯಲ್ಲಿ ನಿಮಗೂ ತೇರಿಗೂ ನಡುವೆ ಯಾರದೋ ಎತ್ತಿದ ಕೈ ಅಡ್ಡ ಬಂದಾಗ ಹೆಬ್ಬೆರಳು ಎತ್ತಿದರೆ ಸಾಕು, ಫೋಕಸ್ ಆ ಕೈಗೆ ಹಾರುವುದಿಲ್ಲ. ಜೊತೆಗೆ, ನಿರಂತರ ಫೋಕಸಿನಲ್ಲಿ ಶಟರಿಗೆ ಆದ್ಯತೆಯೋ ಫೋಕಸಿಗೆ ಆದ್ಯತೆಯೋ ಎಂಬ ಆಯ್ಕೆ ಬಹಳ ಕ್ಯಾಮೆರಾಗಳಲ್ಲಿ ಇರುತ್ತದೆ. ಶಟರಿಗೆ ಆದ್ಯತೆಯಿದ್ದರೆ ಫೋಕಸ್ ಸಿಗದಿದ್ದರೂ ಚಿತ್ರ ತೆಗೆದುಬಿಡುತ್ತದೆ. ಅದನ್ನು ಬದಲಿಸಿ.

ಮುಖ ಗುರುತಿಸುವ ಸೌಲಭ್ಯ ಜನರ ಚಿತ್ರಕ್ಕೆ ವರವೇ ಸರಿ, ಆದರೆ ಸಾವಿರ ಮುಖಗಳ ನಡುವೆ ಅದಕ್ಕೆ ಯಾವ ಮುಖ ಬೇಕೆಂದು ಹೇಗೆ ತಿಳಿಯಬೇಕು? ಜಾತ್ರೆಯಲ್ಲಿ ಅದನ್ನು ಚಿಕ್ಕ ಕ್ಷೇತ್ರದ ಒಳಗೆ ಮಾತ್ರ ಕೆಲಸ ಮಾಡುವಂತೆ ಇಡಿ. ತೊಗಲುಗೊಂಬೆಯಾಟದಲ್ಲಂತೂ ಪೂರ್ತಿ ಆಫ್ ಮಾಡಿ. ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದ ಮೇಲೆ ಈ ಆಟವನ್ನು ಚಿತ್ರಿಸಲು ಆಸಕ್ತಿ ತೋರುವವರು ನಮ್ಮ ಜಿಲ್ಲೆಯಲ್ಲಿ ಇನ್ನೂ ಹೆಚ್ಚಬೇಕೆಂಬುದು ನನ್ನ ಆಸೆ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಸುತ್ತ ಕತ್ತಲೆ, ಎದುರಿಗೆ ಬೆಳಗುವ ಬಿಳಿ ಪರದೆ, ಅದರ ಹಿಂದೆ ಅಲುಗುವ ಬಣ್ಣದ ತೊಗಲು. ಗೊಂಬೆ ಸರಿದಾಗಲೆಲ್ಲ ಕ್ಯಾಮೆರಾ ಹೊಸದಾಗಿ ಹುಡುಕಲು ಹೊರಡುತ್ತದೆ. ಆದರೆ ಗೊಂಬೆಯನ್ನು ಪರದೆಗೆ ಒತ್ತಿ ಆಡಿಸುವುದರಿಂದ ನಿಮ್ಮಿಂದ ಅದರ ದೂರ ಬದಲಾಗುವುದೇ ಇಲ್ಲ. ಗೊಂಬೆಯ ಕಿರೀಟದಲ್ಲಿ ಕೊರೆದ ರಂಧ್ರಗಳ ಮೇಲೆ ಒಮ್ಮೆ ಫೋಕಸ್ ಮಾಡಿ, ಮ್ಯಾನ್ಯುಯಲ್‌ಗೆ ಬದಲಿಸಿ, ಕುಳಿತ ಜಾಗ ಮತ್ತು ಜೂಮ್ ಬದಲಿಸದೆ ಇಡೀ ಆಟವನ್ನು ತೆಗೆಯಿರಿ.

ಈಗ ಹಿಡಿತದ ವಿಷಯ. ಇಲ್ಲಿ ನಿಮ್ಮ ದೂರು ಪೂರ್ತಿ ಸರಿ. ಕ್ಯಾಮೆರಾದ ಚಿಕ್ಕ ದೇಹಕ್ಕೆ ಉದ್ದ ಟೆಲಿ ಲೆನ್ಸ್ ಹಾಕಿದರೆ ಮೂಗು ಕೆಳಗೆ ಬೀಳುತ್ತದೆ, ಕಿರುಬೆರಳಿಗೆ ಜಾಗ ಸಿಗುವುದಿಲ್ಲ, ವಿಡಿಯೋ ಗುಂಡಿ ಹೆಬ್ಬೆರಳಿಗೆ ತಗುಲಿ ತಾನೇ ರೆಕಾರ್ಡ್ ಶುರುವಾಗುತ್ತದೆ. ತಳಕ್ಕೆ ಸ್ಕ್ರೂ ಮಾಡುವ ಗ್ರಿಪ್ ಪ್ಲೇಟ್ ಕಿರುಬೆರಳಿನ ಸಮಸ್ಯೆಗೆ ಸಾಕು. ಭಾರವನ್ನು ಎಡಗೈ ಅಂಗೈಯಲ್ಲಿ ಲೆನ್ಸಿನ ಕೆಳಗೆ ಹೊರಬೇಕು. ಬಲಗೈ ಗುಂಡಿಗಳಿಗೆ ಮಾತ್ರ. ವಿಡಿಯೋ ಗುಂಡಿಯನ್ನು ವಿಡಿಯೋ ಮೋಡ್‌ನಲ್ಲಿ ಮಾತ್ರ ಕೆಲಸ ಮಾಡುವಂತೆ ಮೆನುವಿನಲ್ಲಿ ಕಟ್ಟಿಹಾಕಬಹುದು. ಏಪ್ರಿಲ್, ಮೇ ತಿಂಗಳ ರಾಯಚೂರು-ಬಳ್ಳಾರಿ ಬಿಸಿಲಿನಲ್ಲಿ 4ಕೆ ವಿಡಿಯೋ ತೆಗೆಯುತ್ತಿದ್ದರೆ ಕ್ಯಾಮೆರಾ ಕಾದು ತಾನೇ ಆಫ್ ಆಗುವುದುಂಟು; ಸೋನಿಯಂಥ ಕೆಲವು ಕ್ಯಾಮೆರಾಗಳಲ್ಲಿ ಆ ಉಷ್ಣ ಮಿತಿಯನ್ನು ಏರಿಸುವ ಸೆಟ್ಟಿಂಗ್ ಇದೆ, ಆಗ ಟ್ರೈಪಾಡ್ ಮೇಲಿಟ್ಟು ಬಳಸುವುದು ಕ್ಷೇಮ.

ವ್ಯೂಫೈಂಡರ್ ಇಲ್ಲದಿರುವುದಕ್ಕೆ ಮಾತ್ರ ನನ್ನಲ್ಲಿ ಪರಿಹಾರವಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಆನೆಗೊಂದಿಯ ಬಂಡೆಗಳ ನಡುವೆ ನಿಂತು ಹಿಂಬದಿಯ ಪರದೆಯಲ್ಲಿ ಚಿಕ್ಕ ಬಿಂದು ಎಲ್ಲಿದೆ ಎಂದು ಹುಡುಕುವುದು ಪರದೆಯ ಬೆಳಕನ್ನು ಪೂರ್ತಿ ಏರಿಸಿದರೂ ಕಷ್ಟ. ಅದಕ್ಕಿಂತ ಮುಖ್ಯವಾಗಿ, ಕಣ್ಣಿಗೆ ಒತ್ತಿ ಹಿಡಿದಾಗ ಮುಖವೂ ಕ್ಯಾಮೆರಾಕ್ಕೆ ಆಸರೆಯಾಗುತ್ತದೆ. ಕೈ ಚಾಚಿ ಹಿಡಿದರೆ ಟೆಲಿ ಲೆನ್ಸಿನ ತುದಿ ಅಲುಗುತ್ತಲೇ ಇರುತ್ತದೆ. ಹಕ್ಕಿಯೇ ನಿಮ್ಮ ಮುಖ್ಯ ಆಸಕ್ತಿಯಾದರೆ ಮುಂದೊಂದು ದಿನ ಕ್ಯಾಮೆರಾದ ದೇಹವನ್ನು ಬದಲಿಸುವುದು ಸರಿಯೇ, ಆದರೆ ಡಿಎಸ್ಎಲ್ಆರ್‌ಗೆ ಅಲ್ಲ. ವ್ಯೂಫೈಂಡರ್ ಇರುವ, ಹಕ್ಕಿಯನ್ನು ಗುರುತಿಸಬಲ್ಲ ಮಿರರ್‌ಲೆಸ್ ನೋಡಿ. 2022ರ ಕ್ಯಾನನ್ ಆರ್10, 2024ರ ನಿಕಾನ್ ಜೆಡ್50 ಮಾರ್ಕ್ 2 ಇವೆರಡರಲ್ಲೂ ಆ ಸೌಲಭ್ಯವಿದೆ. ಪ್ರಾಣಿಗಳನ್ನು ಗುರುತಿಸುತ್ತದೆ ಎಂದು ಬರೆದಿರುವ ಎಲ್ಲ ಕ್ಯಾಮೆರಾಗಳೂ ಹಕ್ಕಿಯನ್ನು ಗುರುತಿಸುವುದಿಲ್ಲ ಎಂಬುದು ನೆನಪಿರಲಿ. ಕೊಳ್ಳುವ ಮೊದಲು ನಿಮ್ಮ ಉದ್ದದ ಲೆನ್ಸಿನಂಥದೇ ಒಂದನ್ನು ಅಂಗಡಿಯಲ್ಲಿ ಹಾಕಿಸಿ ಸ್ವಲ್ಪ ಹೊತ್ತು ಹಿಡಿದು ನಿಲ್ಲಿ. ಹೆಬ್ಬೆರಳು ನೋಡದೆಯೇ ಫೋಕಸ್ ಗುಂಡಿಗೆ ಹೋಗುತ್ತದೆಯೇ ಎಂದು ಪರೀಕ್ಷಿಸಿ. ಸೆಕೆಂಡ್ ಹ್ಯಾಂಡ್ ಆದರೆ ಎಫ್ 16 ಇಟ್ಟು ಬಿಳಿ ಗೋಡೆಯ ಚಿತ್ರವೊಂದನ್ನು ತೆಗೆದು ಹಿಗ್ಗಿಸಿ ನೋಡುವುದನ್ನು ಮರೆಯಬೇಡಿ, ಏಕೆಂದರೆ ಅದಿರು ಲಾರಿಗಳು ಓಡಾಡುವ ನಮ್ಮ ರಸ್ತೆಗಳ ಬಳಿ ಲೆನ್ಸ್ ಬದಲಿಸಿದ ಕ್ಯಾಮೆರಾಗಳ ಸೆನ್ಸರಿನ ಮೇಲೆ ಧೂಳು ಚುಕ್ಕೆಚುಕ್ಕೆಯಾಗಿ ಕುಳಿತಿರುತ್ತದೆ.